ಹೊಲದಿಂದ ಹೋದದ್ದು ಹೊಲಕ್ಕೆ ಬರಲಿ: ಕೃಷಿ ಮತ್ತು ನಗರಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ, ಮಾನ್ಯ ನಗರಾಭಿವೃದ್ಧಿ ಸಚಿವರಿಗೆ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧಿಕಾರಿಗಳಿಗೆ, ಮತ್ತು ಬೆಂಗಳೂರಿನಲ್ಲಿ ದಿನಾ ಒಲೆ ಹಚ್ಚುವ ಎಲ್ಲರಿಗೂ,

ನಮಸ್ಕಾರ. ನಾನು ಮಾಲೂರು ತಾಲ್ಲೂಕಿನಲ್ಲಿ ತರಕಾರಿ ಬೆಳೆಯುವ ಮನೆಯವಳು. ಮಗಳ ಸಂಸಾರ ಬೆಂಗಳೂರಿನಲ್ಲಿದೆ. ಹಾಗಾಗಿ ತರಕಾರಿ ಹೊರಡುವ ಜಾಗವೂ ಗೊತ್ತು, ಅದರ ಸಿಪ್ಪೆ ಬಕೆಟ್ಟಿಗೆ ಬೀಳುವ ಜಾಗವೂ ಗೊತ್ತು. ಈ ಎರಡರ ನಡುವಿನ ದಾರಿ ಒಂದೇ ಕಡೆಗೆ ಹೋಗುತ್ತಿದೆ. ವಾಪಸ್ ಬರುವ ದಾರಿ ಮುಚ್ಚಿಹೋಗಿದೆ. ಅದನ್ನು ತೆರೆಯಿರಿ ಎಂದು ಕೇಳೋಕೆ ಈ ಪತ್ರ.

ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಹಸಿ ಕಸದಿಂದ ಒಳ್ಳೆಯ ಗೊಬ್ಬರ ಮಾಡಿ, ಯೂರಿಯಾ ಹೇಗೆ ಸರ್ಕಾರದ ಹೊಣೆಯಲ್ಲಿ ಹಳ್ಳಿಗೆ ಬರುತ್ತದೋ ಹಾಗೇ ಈ ಗೊಬ್ಬರವನ್ನೂ ಸರ್ಕಾರದ ಹೊಣೆಯಲ್ಲೇ ಸುತ್ತಲಿನ ಹೊಲಗಳಿಗೆ ತಲುಪಿಸಿ. ಇದನ್ನು ಕಂಟ್ರಾಕ್ಟರ ಲಾಭಕ್ಕೂ ಗಿರಾಕಿಯ ಒಳ್ಳೆಯತನಕ್ಕೂ ಬಿಟ್ಟು ಕೂರಬೇಡಿ.

ಕಳೆದ ಕೆಲವು ವರ್ಷಗಳಿಂದ 'ಸುಸ್ಥಿರ ಬಳಕೆ' ಎಂಬ ಮಾತು ಎಲ್ಲೆಲ್ಲೂ ಕೇಳಿಸುತ್ತಿದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳಲ್ಲಿ 12ನೆಯದು ಅದೇ. ಆ ಗುರಿಯ ಹೆಸರಿನಲ್ಲಿ ಬಳಕೆಯ ಜೊತೆ ಉತ್ಪಾದನೆಯೂ ಇದೆ. ಆದರೆ ನಮ್ಮೂರ ಶಾಲೆಯ ಗೋಡೆಗೆ ಬರುವಷ್ಟರಲ್ಲಿ ಉತ್ಪಾದನೆ ಬಿಟ್ಟುಹೋಗಿ ಬಳಕೆ ಮಾತ್ರ ಉಳಿದಿದೆ. ಬಟ್ಟೆ ಚೀಲ ಹಿಡಿಯಿರಿ, ತಟ್ಟೆಯಲ್ಲಿ ಅನ್ನ ಬಿಡಬೇಡಿ, ನಲ್ಲಿ ಸರಿಯಾಗಿ ನಿಲ್ಲಿಸಿ. ಇದೆಲ್ಲ ನನಗೆ ಒಪ್ಪಿಗೆಯೇ. ಅನ್ನ ಚೆಲ್ಲಬಾರದು ಅಂತ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಕೊಳ್ಳುವವರಿಗೆ ಇಷ್ಟೊಂದು ಬುದ್ಧಿ ಹೇಳುವವರು, ಮಾಡಿ ಮಾರುವವರಿಗೆ, ಊರು ಕಟ್ಟುವವರಿಗೆ, ಚರಂಡಿ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವವರಿಗೆ ಯಾಕೆ ಹೇಳುವುದಿಲ್ಲ?

ಈ ಪ್ರಶ್ನೆ ಹಳೆಯದು. ಕಾಲೇಜಿನ ದಿನಗಳಲ್ಲಿ ನಾವು ಕೆಲವರು ಸೇರಿ ಕಾರ್ಲ್ ಮಾರ್ಕ್ಸ್ ಓದುತ್ತಿದ್ದೆವು. ಆಗ ನಮ್ಮ ಕಣ್ಣೆಲ್ಲ ಕಾರ್ಖಾನೆ, ಕೂಲಿ, ಮುಷ್ಕರದ ಮೇಲೇ ಇತ್ತು. ಮಣ್ಣಿನ ಬಗ್ಗೆ ಆತ ಬರೆದ ಪುಟಗಳ ಹತ್ತಿರ ನಿಂತವರು ಕಡಿಮೆ. ಮದುವೆಯಾಗಿ ಹೊಲಕ್ಕೆ ಇಳಿದ ಮೇಲೆ ಆ ಪುಟಗಳ ಅರ್ಥ ಚೆನ್ನಾಗಿ ಆಯಿತು.

ನಮ್ಮ ಕಡೆ ಟೊಮೆಟೊ ಕ್ರೇಟಿಗೆ 15 ಕಿಲೋ. ಕೋಲಾರದ ಎಪಿಎಂಸಿಗೆ ಹೋಗುತ್ತದೆ. ಅಲ್ಲಿಂದ ಬೆಂಗಳೂರಿಗೆ, ಚೆನ್ನೈಗೆ, ಉತ್ತರ ಭಾರತಕ್ಕೂ ಹೋಗುತ್ತದೆ. ಕ್ಯಾರೆಟ್, ಹುರುಳಿಕಾಯಿ, ಕೊತ್ತಂಬರಿ ನೇರ ಬೆಂಗಳೂರಿಗೆ. ಕ್ರೇಟಿನ ಜೊತೆ ಏನು ಹೋಯಿತು ಅಂತ ಲೆಕ್ಕ ಬರೆಯುವವರು ಯಾರೂ ಇಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಎಲ್ಲ ನಮ್ಮ ಕೆಂಪು ಮಣ್ಣಿನಿಂದ ಎದ್ದು ಹಣ್ಣಿನೊಳಗೆ ಕೂತು ಹೋಗುತ್ತವೆ. ಮೊದಲು ಊರಿನಲ್ಲಿ ಬೆಳೆದದ್ದು ಬಹುಪಾಲು ಊರಿನಲ್ಲೇ ಉಣ್ಣುತ್ತಿದ್ದರು. ಸಿಪ್ಪೆ, ಸಗಣಿ, ಬೂದಿ, ಕಸಕಡ್ಡಿ ತಿಪ್ಪೆಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಕೆರೆಗೋಡು ಗಾಡಿಯಲ್ಲಿ ಹೊಲಕ್ಕೆ ಬರುತ್ತಿತ್ತು. ಈಗ ಬೆಳೆ ಹೊರಗೆ ಹೋಗುತ್ತದೆ, ಬದಲಿಗೆ ಅಂಗಡಿಯಿಂದ ಮೂಟೆ ಬರುತ್ತದೆ. ಆ ಮೂಟೆಯಲ್ಲಿ ಸಾರಜನಕ ಇರಬಹುದು. ಮಣ್ಣನ್ನು ಮೆದುವಾಗಿ ಇಟ್ಟು ನೀರು ಹಿಡಿಸುವ ಸಾವಯವ ಅಂಶ ಇಲ್ಲ. ಹತ್ತು ವರ್ಷ ಹೀಗೇ ನಡೆದ ಹೊಲವನ್ನು ಒಮ್ಮೆ ಬಂದು ನೋಡಿ. ಮಳೆ ಬಿದ್ದ ಮರುದಿನ ಮೇಲೊಂದು ಗಟ್ಟಿ ಪದರ ಕಟ್ಟಿರುತ್ತದೆ. ಅದನ್ನು ಒಡೆದುಕೊಂಡು ಬರಲಾಗದೆ ಮೊಳಕೆ ಕೆಳಗೇ ಮುರುಟಿ ಹೋಗಿರುತ್ತದೆ.

ಸುಮಾರು 160 ವರ್ಷದ ಹಿಂದೆ ಇದೇ ಸಂಗತಿ ಯುರೋಪಿನಲ್ಲಿ ದೊಡ್ಡ ಗಲಾಟೆಯಾಗಿತ್ತು. ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ ಬೆಳೆಗೆ ಯಾವ ಯಾವ ಖನಿಜ ಬೇಕು ಎಂದು 1840ರಲ್ಲೇ ತೋರಿಸಿದ್ದರು. ಮುಂದೆ ಅವರು ಇಂಗ್ಲೆಂಡಿನ ಬೇಸಾಯವನ್ನು ನೇರವಾಗಿ ದರೋಡೆ ಎಂದು ಕರೆದರು. ಮಣ್ಣು ಬರಿದಾದಾಗ ಇಂಗ್ಲೆಂಡು ಲೈಪ್‌ಜಿಗ್, ವಾಟರ್‌ಲೂ, ಕ್ರಿಮಿಯಾ ಯುದ್ಧಭೂಮಿಗಳ ಮೂಳೆಗಳನ್ನೂ ಗೊಬ್ಬರಕ್ಕೆ ಎತ್ತಿಕೊಂಡು ಹೋಯಿತು ಎಂಬುದು ಅವರ ಆರೋಪ. 1865ರಲ್ಲಿ ಅವರು ಲಂಡನ್ನಿನ ಮೇಯರ್‌ಗೆ ಪತ್ರ ಬರೆದು, ನಗರದ ಕೊಳಚೆಯಲ್ಲಿ ಹೊಲದ ಸಾರ ಇದೆ, ಅದನ್ನು ನದಿಗೆ ಬಿಡಬೇಡಿ ಎಂದು ಕೇಳಿಕೊಂಡರು. ನಾನು ಇವತ್ತು ಬರೆಯುತ್ತಿರುವ ಪತ್ರದ ಹಿರಿಯಣ್ಣ ಅದು.

ಮಾರ್ಕ್ಸ್ ಆಗ ಅದೇ ಲಂಡನ್ನಿನಲ್ಲಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆಗೆ ಪಾರ್ಲಿಮೆಂಟಿನ ಕೆಲಸ ನಡೆಸುವುದೇ ಕಷ್ಟವಾದ ಊರು ಅದು. ಲೀಬಿಗ್ ಬರೆದದ್ದನ್ನು ಮಾರ್ಕ್ಸ್ ಪುಟ ಪುಟ ಓದಿ ಟಿಪ್ಪಣಿ ಮಾಡಿಕೊಂಡರು. 1867ರಲ್ಲಿ ಬಂದ 'ಬಂಡವಾಳ'ದ ಮೊದಲ ಸಂಪುಟದಲ್ಲಿ ಅವರು ಹೇಳಿದ್ದು ಇಷ್ಟು: ಬಂಡವಾಳಶಾಹಿ ಜನರನ್ನು ದೊಡ್ಡ ಊರುಗಳಲ್ಲಿ ತುಂಬುತ್ತದೆ. ಅನ್ನವಾಗಿ, ಬಟ್ಟೆಯಾಗಿ ಮನುಷ್ಯ ಬಳಸಿದ ಮಣ್ಣಿನ ಅಂಶ ಮಣ್ಣಿಗೆ ಮರಳುವುದನ್ನು ಅದು ತಡೆಯುತ್ತದೆ. ಇಂಥ ಬೇಸಾಯದಲ್ಲಿ ಆಗುವ ಪ್ರತಿ ಮುನ್ನಡೆಯೂ ಕೆಲಸಗಾರನ ಜೊತೆ ಮಣ್ಣನ್ನೂ ದೋಚುವ ವಿದ್ಯೆಯ ಮುನ್ನಡೆ. ಅವರು ತೀರಿಕೊಂಡ ಮೇಲೆ 1894ರಲ್ಲಿ ಅವರ ಗೆಳೆಯ ಎಂಗೆಲ್ಸ್ ಹೊರತಂದ ಮೂರನೆಯ ಸಂಪುಟದಲ್ಲಿ ಇನ್ನೂ ಬಿಚ್ಚಿ ಹೇಳಿದ್ದಾರೆ. ನಲವತ್ತೈದು ಲಕ್ಷ ಜನರ ಮಲಮೂತ್ರಕ್ಕೆ ಲಂಡನ್ನಿನಲ್ಲಿ ಸಿಕ್ಕಿರುವ ಉಪಯೋಗ ಅಂದರೆ ಭಾರಿ ಖರ್ಚು ಮಾಡಿ ಥೇಮ್ಸ್ ನದಿಯನ್ನು ಕೆಡಿಸುವುದು, ಅದಕ್ಕಿಂತ ಒಳ್ಳೆಯ ದಾರಿ ಅವರಿಗೆ ಕಂಡಿಲ್ಲ ಅಂತ.

ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ಬೆಲ್ಲಮಿ ಫಾಸ್ಟರ್ 1999ರಲ್ಲಿ ಈ ಚದುರಿದ ಮಾತುಗಳನ್ನೆಲ್ಲ ಒಟ್ಟು ಮಾಡಿ, ಮನುಷ್ಯ ಮತ್ತು ಮಣ್ಣಿನ ನಡುವಿನ ಕೊಡುಕೊಳ್ಳುವಿಕೆ ಕಡಿದುಹೋಗುವುದೇ ಮಾರ್ಕ್ಸ್ ಪರಿಸರ ಚಿಂತನೆಯ ತಿರುಳು ಎಂದು ತೋರಿಸಿದರು. ಜಪಾನಿನ ಚಿಂತಕ ಕೊಹೆಯಿ ಸೈಟೊ ಮಾರ್ಕ್ಸ್‌ನ ಟಿಪ್ಪಣಿ ಪುಸ್ತಕಗಳನ್ನೇ ಬಗೆದು ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಪಂಡಿತರ ಚರ್ಚೆ ಅವರಿಗಿರಲಿ. ನನಗೆ ಬೇಕಾದದ್ದು ಐರ್ಲೆಂಡಿನ ಬಗ್ಗೆ ಮಾರ್ಕ್ಸ್ ಬರೆದ ಒಂದು ಸಣ್ಣ ಅಡಿಟಿಪ್ಪಣಿ. ಇಂಗ್ಲೆಂಡು ಒಂದೂವರೆ ಶತಮಾನ ಕಾಲ ಐರ್ಲೆಂಡಿನ ಮಣ್ಣನ್ನೇ ಪರೋಕ್ಷವಾಗಿ ರಫ್ತು ಮಾಡಿಕೊಂಡಿತು, ಬರಿದಾದದ್ದನ್ನು ತುಂಬಿಕೊಳ್ಳುವ ದಾರಿಯನ್ನೂ ಅಲ್ಲಿನ ರೈತರಿಗೆ ಬಿಡಲಿಲ್ಲ ಅಂತ ಅಲ್ಲಿದೆ. ಐರ್ಲೆಂಡಿನ ಜಾಗದಲ್ಲಿ ಕೋಲಾರ ಅಂತ ಇಟ್ಟು ಓದಿ. ನಮ್ಮನ್ನು ಆಳಿದವರು ಬೇರೆ, ಇಲ್ಲಿನ ಕಾಲ ಬೇರೆ. ಆದರೆ ಲೋಡು ಹೋಗುವ ದಿಕ್ಕು ಒಂದೇ.

ಕಳೆದುಕೊಂಡ ಸಾರವನ್ನು ಹೊರಗಿನಿಂದ ತುಂಬುತ್ತೇವೆ ಅಂತ ಹೊರಟರೆ ಏನಾಗುತ್ತದೆ ಎನ್ನುವುದೂ ಆಗಲೇ ಗೊತ್ತಾಗಿತ್ತು. 1840ರ ಹೊತ್ತಿಗೆ ಪೆರು ದೇಶದ ಚಿಂಚಾ ದ್ವೀಪಗಳಿಂದ ಗ್ವಾನೊ, ಅಂದರೆ ಕಡಲ ಹಕ್ಕಿಗಳ ಹಿಕ್ಕೆ, ಹಡಗು ಹಡಗು ಇಂಗ್ಲೆಂಡಿಗೆ ಹೋಗತೊಡಗಿತು. ಅದನ್ನು ಅಗೆಯಲು ಚೀನಾದಿಂದ ಕರಾರಿನ ಕೂಲಿಗಳನ್ನು ತಂದರು. ಆ ಧೂಳಿನಲ್ಲಿ ಅವರು ಜೀತದಾಳುಗಳ ಹಾಗೆ ದುಡಿದು ಸತ್ತರು. ಕೆಲವೇ ದಶಕಗಳಲ್ಲಿ ಹಿಕ್ಕೆಯ ಗುಡ್ಡಗಳು ಕರಗಿದವು. ಆಮೇಲೆ ದಕ್ಷಿಣ ಅಮೆರಿಕದ ಅಟಕಾಮ ಮರುಭೂಮಿಯ ಸಾಲ್ಟ್‌ಪೀಟರ್, ಅಂದರೆ ಸಾರಜನಕ ಇರುವ ಉಪ್ಪು. ಅದಕ್ಕಾಗಿ 1879ರಿಂದ 1884ರವರೆಗೆ ಚಿಲಿ, ಪೆರು, ಬೊಲಿವಿಯಾ ಯುದ್ಧ ಮಾಡಿದವು. ಬೊಲಿವಿಯಾ ತನ್ನ ಸಮುದ್ರ ತೀರವನ್ನೇ ಕಳೆದುಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವಿಜ್ಞಾನಿಗಳಾದ ಹೇಬರ್ ಮತ್ತು ಬಾಷ್ ಗಾಳಿಯಿಂದಲೇ ಸಾರಜನಕ ಹಿಡಿಯುವುದನ್ನು ಕಂಡುಹಿಡಿದ ಮೇಲೆ ಆ ಜಗಳ ನಿಂತಿತು. ಆದರೆ ಅದಕ್ಕೆ ನೈಸರ್ಗಿಕ ಅನಿಲ ಬೇಕು. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳು ಸುಡುವ ಅನಿಲದ ದೊಡ್ಡ ಪಾಲು ಹೊರದೇಶದ್ದು. ರಂಜಕದ ಕಲ್ಲು ಬಹುಪಾಲು ಹೊರಗಿನದು. ಪೊಟ್ಯಾಷ್ ಅಂತೂ ಪೂರ್ತಿ ಹೊರಗಿನದೇ.

ಅದರ ಬಿಸಿ ಹಳ್ಳಿಗೆ ಹೇಗೆ ತಟ್ಟುತ್ತದೆ ಅನ್ನೋದನ್ನು 2025ರ ಮುಂಗಾರಿನಲ್ಲಿ ನೀವೇ ನೋಡಿದ್ದೀರಿ. ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಬೆಳಗಿನ ಜಾವದಿಂದ ಸಾಲು. ಚಪ್ಪಲಿ, ಕಲ್ಲು, ಪಹಣಿ ಪ್ರತಿ ಇಟ್ಟು ಜಾಗ ಹಿಡಿದ ಸಾಲು. ಅಂಗಡಿಗೆ ಹೋದರೆ ಮೂಟೆಯ ಜೊತೆ ಬೇಡದ ಇನ್ನೊಂದು ಬಾಟಲಿ ಸರಕನ್ನೂ ಕೊಳ್ಳಲೇಬೇಕು ಅನ್ನುವ ಮಾತು. ರಾಗಿ, ಜೋಳ ಎದ್ದು ನಿಂತ ಹೊತ್ತಿನಲ್ಲಿ ರೈತ ಬೇರೆ ಏನು ಮಾಡಬೇಕು?

ಈಗ ಬೆಂಗಳೂರಿಗೆ ಬರೋಣ. ಈ ಊರು ಕುಡಿಯುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಶುರುವಾದ ಮೇಲೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ವ್ಯವಸ್ಥೆ ಆಗಿದೆ. ತರಕಾರಿ, ಹಾಲು, ಅಕ್ಕಿ ನಾಲ್ಕೂ ದಿಕ್ಕಿನಿಂದ ಬರುತ್ತವೆ. ಒಳಗೆ ಬಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಕಸ ಸುರಿದ ಮಾವಳ್ಳಿಪುರದವರನ್ನು ಕೇಳಿ. ಕಸದ ಗುಡ್ಡದಿಂದ ಇಳಿದ ಕಪ್ಪು ರಸ ಅವರ ಬಾವಿಗೆ ಸೇರಿತು, 2012ರಲ್ಲಿ ಹೋರಾಟದ ನಂತರ ಅಲ್ಲಿ ಸುರಿಯುವುದು ನಿಂತಿತು. ಆಮೇಲೆ ಮಂಡೂರು. ಅಲ್ಲಿಯ ಜನ ರಸ್ತೆಗೆ ಅಡ್ಡ ಕೂತು, ಕೇಸು ಹಾಕಿಸಿಕೊಂಡು, 2014ರ ಕೊನೆಗೆ ಲಾರಿ ನಿಲ್ಲಿಸಿದರು. ಆಮೇಲೆ ಬೆಳ್ಳಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕ್ವಾರಿಗಳು. ಪ್ರತಿ ಸಲ ಊರು ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಆ ಲಾರಿಗಳಲ್ಲಿ ಹೋದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಅಂದರೆ ನಾವು ಬೆಳೆದು ಕಳಿಸಿದ್ದು. ಹೊಲದಲ್ಲಿದ್ದರೆ ಗೊಬ್ಬರ ಆಗುವ ವಸ್ತು ಗಾಳಿಯಾಡದೆ ಕ್ವಾರಿಯಲ್ಲಿ ಕೊಳೆತು ಮೀಥೇನ್ ಆಗುತ್ತಿದೆ.

ಚರಂಡಿಯ ಕಥೆ ಇನ್ನೂ ದೊಡ್ಡದು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2017ರಲ್ಲೂ 2018ರಲ್ಲೂ ಕೆರೆಯ ಮೇಲೆ ಬೆಂಕಿ ಎದ್ದದ್ದನ್ನು ಲೋಕವೇ ಟಿವಿಯಲ್ಲಿ ನೋಡಿತು. ಮನೆಮನೆಯ ಕೊಳಚೆ, ಸೋಪಿನ ಪುಡಿ, ಅದರಲ್ಲಿರುವ ರಂಜಕ, ಕಾರ್ಖಾನೆಗಳ ರಾಸಾಯನಿಕ ಎಲ್ಲ ಒಂದೇ ಕಡೆ ಸೇರಿದರೆ ಇನ್ನೇನಾಗುತ್ತದೆ. ನಮ್ಮ ಹೊಲದಲ್ಲಿ ಕೊರತೆಯಾದ ರಂಜಕ ಬೆಳ್ಳಂದೂರಿನಲ್ಲಿ ವಿಷವಾಗುವಷ್ಟು ಜಾಸ್ತಿಯಾಯಿತು. ಒಂದು ಸಣ್ಣ ಲೆಕ್ಕ ನೋಡಿ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಎರಡೂವರೆ ಕಿಲೋ ಸಾರಜನಕ ಅಂತ ಕಡಿಮೆಯೇ ಹಿಡಿಯೋಣ. ಒಂದು ಕೋಟಿ ಜನಕ್ಕೆ 25,000 ಟನ್. ಅದು ಯೂರಿಯಾದ 45 ಕಿಲೋ ಮೂಟೆಯಲ್ಲಿ 12 ಲಕ್ಷ ಮೂಟೆಗೆ ಸಮ. ಅಷ್ಟೂ ಕೈಗೆ ಸಿಗುವುದಿಲ್ಲ, ಸಂಸ್ಕರಣೆಯಲ್ಲಿ ಬಹಳಷ್ಟು ಗಾಳಿಗೆ ಹೋಗುತ್ತದೆ, ಅದು ನನಗೂ ಗೊತ್ತು. ಆದರೆ ಏನನ್ನು ಚೆಲ್ಲುತ್ತಿದ್ದೇವೆ ಅಂತ ತಿಳಿದುಕೊಂಡಾದರೂ ಚೆಲ್ಲಬೇಕು ಅಲ್ವಾ?

ನೀವು ಕೂಡಲೇ ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಯೋಜನೆಯ ಹೆಸರು ಹೇಳುತ್ತೀರಿ. ಹೌದು, 2018ರಲ್ಲಿ ಆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಸಾವಿರ ಅಡಿ ಕೊರೆದರೂ ಬರೀ ಧೂಳು ಬರುತ್ತಿದ್ದ ಊರುಗಳು. ಕೆರೆ ತುಂಬಿದ ಮೇಲೆ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ, ಅದಕ್ಕೆ ನಾವು ಸಂತೋಷಪಟ್ಟದ್ದೂ ನಿಜ. ಆದರೆ ಎರಡನೆಯ ಹಂತದವರೆಗೆ ಮಾತ್ರ ಶುದ್ಧ ಮಾಡಿದ ನೀರು ಅದು. ಅದೇ ವರ್ಷ ಜುಲೈನಲ್ಲಿ ಕೆರೆಯಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಉಳಿದ ಕಲ್ಮಶವನ್ನೂ ತೆಗೆಯುವ ಮೂರನೆಯ ಹಂತದ ಶುದ್ಧೀಕರಣ ಮಾಡಿ ಅಂತ ಇಲ್ಲಿನ ಹೋರಾಟಗಾರರು ಇವತ್ತಿಗೂ ಕೇಳುತ್ತಿದ್ದಾರೆ. ಒಳ್ಳೆಯ ನೀರು ನಗರಕ್ಕೆ, ಅದು ಬಳಸಿ ಬಿಟ್ಟದ್ದು ಹಳ್ಳಿಗೆ. ಬಿಟ್ಟ ನೀರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಕಾರ್ಖಾನೆಯ ಸೀಸ, ಕ್ಯಾಡ್ಮಿಯಂ ಸೇರದ ಹಾಗೆ ಅದನ್ನು ಹುಟ್ಟುವಲ್ಲೇ ಬೇರೆ ಮಾಡಿ ಕಳಿಸಬೇಕು. ಸಾರ ವಾಪಸ್ ಕೊಡುವುದು ಬೇರೆ, ಹೊರೆ ದಾಟಿಸುವುದು ಬೇರೆ.

ಗೊಬ್ಬರದ ವಿಷಯಕ್ಕೆ ನಮ್ಮ ಮನೆಯ ಅನುಭವ ಹೇಳುತ್ತೇನೆ. ಒಂದು ವರ್ಷ ನಗರದ ಕಾಂಪೋಸ್ಟ್ ಒಂದು ಟ್ರಾಕ್ಟರ್ ಲೋಡು ತರಿಸಿದೆವು. ಮೂಗಿಗೆ ಹಿಡಿದರೆ ಮಣ್ಣಿನ ವಾಸನೆಯೇ, ಕಪ್ಪಗೆ ಚೆನ್ನಾಗಿತ್ತು. ಬದುವಿನ ಮೇಲೆ ಜರಡಿ ಹಿಡಿದಾಗ ಒಳಗಿನದು ಹೊರಬಂತು. ಬಲ್ಬಿನ ಗಾಜು, ಪೆನ್ನಿನ ರೀಫಿಲ್, ಬಾಟಲಿ ಮುಚ್ಚಳ, ಮಾತ್ರೆಯ ಪಟ್ಟಿ, ಶಾಂಪೂ ಪ್ಯಾಕೆಟ್ಟಿನ ಮೂಲೆ, ಒಂದು ರೇಜರ್ ಬ್ಲೇಡು. ಕ್ಯಾರೆಟ್ ಕೀಳುವ ಹೆಂಗಸರು ಬರಿಗೈಯಲ್ಲಿ ಮಣ್ಣು ಕೆದಕುತ್ತಾರೆ. ಅವರ ಕೈ ನೆನೆಸಿಕೊಂಡು ನಮ್ಮತ್ತೆ ಆ ಇಡೀ ರಾಶಿಯನ್ನು ತೆಂಗಿನ ಬುಡಕ್ಕೆ ಹಾಕಿಸಿದರು. ತರಕಾರಿಗೆ ಮತ್ತೆ ಕೋಳಿ ಗೊಬ್ಬರ ಕೊಂಡೆವು. ಆ ತೆಂಗುಗಳು ಮುಂದೆ ಚೆನ್ನಾಗಿ ಬಂದವು ಅನ್ನುವುದನ್ನೂ ಹೇಳಲೇಬೇಕು. ವಸ್ತು ಒಳ್ಳೆಯದೇ. ಅಡುಗೆಮನೆಯಲ್ಲಿ ಬೇರೆ ಮಾಡದೆ, ಗಾಡಿಯಲ್ಲಿ ಕಲಸಿ, ಕೊನೆಗೆ ಯಂತ್ರದಲ್ಲಿ ಆರಿಸುತ್ತೇವೆ ಅಂತ ಹೊರಟದ್ದೇ ತಪ್ಪು.

ಯಾಕೆ ಹೀಗೆ ಹೊರಡುತ್ತಾರೆ? ಕಸ ಸಾಗಿಸುವವರಿಗೆ ಸಿಗುವ ದುಡ್ಡು ತೂಕಕ್ಕೆ, ಟ್ರಿಪ್ಪಿಗೆ. ಹೊಲದಲ್ಲಿ ಬೆಳೆ ಹೇಗೆ ಬಂತು ಅನ್ನುವುದಕ್ಕಲ್ಲ. ಕಾಂಪೋಸ್ಟ್ ಮಾಡುವವರಿಗೆ ಮಾರಾಟದ ಖಾತ್ರಿಯಿಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ನಮ್ಮ ರಾಜ್ಯ 1975ರಲ್ಲೇ ಕಟ್ಟಿತು. ಅಷ್ಟು ಹಿಂದೆಯೇ ಕಟ್ಟಿದ್ದಕ್ಕೆ ನನಗೆ ಹೆಮ್ಮೆಯಿದೆ. ಆಗ ಅದು ಊರಾಚೆ ಇತ್ತು. ಈಗ ಸುತ್ತ ಎಚ್‌ಎಸ್‌ಆರ್ ಲೇಔಟ್ ಬೆಳೆದು, ವಾಸನೆಗೆ ಅಪಾರ್ಟ್‌ಮೆಂಟಿನವರ ತಕರಾರು. ಅವರ ತಕರಾರೂ ಸರಿಯೇ, ಕಲಸಿದ ಕಸ ಬಂದರೆ ನಾತ ಬಂದೇ ಬರುತ್ತದೆ.

ಬೆಲೆಯ ಲೆಕ್ಕ ನೋಡಿ. ಯೂರಿಯಾ ಮೂಟೆ ರೈತನಿಗೆ 266 ರೂಪಾಯಿ 50 ಪೈಸೆ. ಅದರ ನಿಜವಾದ ಖರ್ಚು ಹಲವು ಪಟ್ಟು, ಉಳಿದದ್ದನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ಕೊಡುತ್ತದೆ. ಬಂದರಿನಿಂದ ಜಿಲ್ಲೆಗೆ ತರುವ ಸಾಗಣೆಗೂ ಸರ್ಕಾರದ ಹಣ. ಆ ಮೂಟೆಯಲ್ಲಿ ಸುಮಾರು 20 ಕಿಲೋ ಸಾರಜನಕ. ನಗರ ಕಾಂಪೋಸ್ಟಿನಲ್ಲಿ ಕನಿಷ್ಠ ಶೇ 0.8ರಷ್ಟು ಇರಬೇಕು ಅಂತ ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಟನ್ನಿಗೆ 8 ಕಿಲೋ. ಒಂದು ಮೂಟೆ ಯೂರಿಯಾಕ್ಕೆ ಸಾಟಿ ಬೇಕಾದರೆ ಎರಡೂವರೆ ಟನ್ ಕಾಂಪೋಸ್ಟ್ ಹೊರಬೇಕು. ಅಂಗಡಿಯ ಲೆಕ್ಕದಲ್ಲಿ ಇದು ಯಾವತ್ತೂ ಗೆಲ್ಲುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಕಾಂಪೋಸ್ಟಿನ ಇಂಗಾಲ ಇಲ್ಲ, ಸತು ಬೋರಾನ್ ಇಲ್ಲ, ಮಣ್ಣು ಹಿಡಿದಿಡುವ ನೀರು ಇಲ್ಲ, ಮಾವಳ್ಳಿಪುರದವರ ಕೆಟ್ಟ ಬಾವಿಯೂ ಇಲ್ಲ. ಲಾಭದ ಲೆಕ್ಕ ಮಾಡುವವನ ಪುಸ್ತಕದಲ್ಲಿ ಇವಕ್ಕೆ ಕಾಲಂ ಇಲ್ಲ. ಮಾರ್ಕ್ಸ್ 1875ರಲ್ಲಿ ತಮ್ಮದೇ ಸಂಗಾತಿಗಳನ್ನು ತಿದ್ದಿದ್ದು ಇದೇ ಕಾರಣಕ್ಕೆ. ದುಡಿಮೆಯೇ ಎಲ್ಲ ಸಂಪತ್ತಿನ ಮೂಲ ಎಂದು ಅವರು ಬರೆದಾಗ, ಅಲ್ಲ, ಪ್ರಕೃತಿಯೂ ಅಷ್ಟೇ ಮೂಲ ಎಂದರು.

2016ರಲ್ಲಿ ಕೇಂದ್ರ ಸರ್ಕಾರ ನಗರ ಕಾಂಪೋಸ್ಟಿಗೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತು. ರಸಗೊಬ್ಬರ ಕಂಪನಿಗಳು ತಮ್ಮ ಮೂಟೆಯ ಜೊತೆ ಇದನ್ನೂ ಮಾರಬೇಕು ಎಂದಿತು. ದಾರಿ ಸರಿಯಾಗಿತ್ತು. ಆದರೆ ಗೊಬ್ಬರದ ಗುಣಮಟ್ಟಕ್ಕೆ ಯಾರೂ ಹೊಣೆಯಾಗಲಿಲ್ಲ, ಯೂರಿಯಾವನ್ನು ಹಳ್ಳಿಗೆ ತಲುಪಿಸಲೇಬೇಕು ಅನ್ನುವಂಥ ಹಠ ಇದರ ವಿಷಯದಲ್ಲಿ ಇರಲಿಲ್ಲ. ನಮ್ಮ ಊರಿನ ಸೊಸೈಟಿಯಲ್ಲಿ ನಗರ ಕಾಂಪೋಸ್ಟಿನ ಚೀಲವನ್ನು ನಾನು ನೋಡಿಲ್ಲ.

ಬಳಕೆಯ ಮಾತಿಗೆ ಮತ್ತೆ ಬರುತ್ತೇನೆ. ಜನ ಏನು ಬಳಸುತ್ತಾರೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಏನು ತಯಾರಾಗುತ್ತದೆ ಅನ್ನುವುದು. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ ನಿಷೇಧಿಸಿತು. ಒಳ್ಳೆಯ ಕೆಲಸ. ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯಿಂದ ಕವರ್ ಕಿತ್ತುಕೊಂಡು ದಂಡ ಹಾಕಿದ್ದನ್ನು ಸಂತೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕಾರ್ಖಾನೆಯಲ್ಲೇ ಸೀಲಾಗಿ ಬರುವ ಪ್ಯಾಕೆಟ್ಟಿಗೆ ಮಾತ್ರ ಆ ನಿಷೇಧದಿಂದ ವಿನಾಯಿತಿ ಇತ್ತು. ಎರಡು ರೂಪಾಯಿ ಶಾಂಪೂ, ಐದು ರೂಪಾಯಿ ಚಿಪ್ಸ್, ಗುಟ್ಕಾದಂಥ ಪದಾರ್ಥಗಳ ಹೊಳೆಯುವ ಹಾಳೆ, ಇವೇ ಅಲ್ವಾ ನಮ್ಮ ಚರಂಡಿ ಕಟ್ಟುವುದು, ನಮ್ಮ ಗೊಬ್ಬರ ಕೆಡಿಸುವುದು? ಕೂಲಿ ಹೆಣ್ಣುಮಗಳು ಸಣ್ಣ ಪ್ಯಾಕೆಟ್ ಕೊಳ್ಳುವುದು ದೊಡ್ಡ ಬಾಟಲಿಗೆ ದುಡ್ಡಿಲ್ಲದ ಕಾರಣಕ್ಕೆ. ಅವಳಿಗೆ ಸುಸ್ಥಿರ ಬಳಕೆಯ ಪಾಠ ಹೇಳುವುದರಲ್ಲಿ ಅರ್ಥವಿಲ್ಲ. ಯುರೋಪಿಯನ್ ಒಕ್ಕೂಟ ಬಟ್ಟೆ ಒಗೆಯುವ ಪುಡಿಯ ರಂಜಕವನ್ನು 2013ರಿಂದ ಕಾನೂನಿನಲ್ಲೇ ಕಡಿಮೆ ಮಾಡಿಸಿತು. ಅಂಗಡಿಯಲ್ಲಿ ನಿಂತು ಒಂದೊಂದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುವ ಕೆಲಸವನ್ನು ಗಿರಾಕಿಗೆ ಬಿಡಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಲೀಬಿಗ್‌ಗೂ ಮಾರ್ಕ್ಸ್‌ಗೂ ಕಾಣದೆ ಹೋದದ್ದು, ನಮಗೆ ಕಾಣಲೇಬೇಕಾದದ್ದು. ಲೀಬಿಗ್ ಚೀನಾ, ಜಪಾನಿನಲ್ಲಿ ಮನುಷ್ಯರ ಮಲ ಹೊಲಕ್ಕೆ ಮರಳುವುದನ್ನು ಹೊಗಳಿದರು. ನಮ್ಮ ದೇಶದಲ್ಲಿ ಆ ಕೆಲಸ ಯಾರ ತಲೆಯ ಮೇಲಿತ್ತು ಅಂತ ಎಲ್ಲರಿಗೂ ಗೊತ್ತು. ದಲಿತರ ತಲೆಯ ಮೇಲೆ, ಬುಟ್ಟಿಯಲ್ಲಿ, ಮಳೆಗಾಲದಲ್ಲಿ ಮುಖದ ಮೇಲೆ ಇಳಿಯುತ್ತಾ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 2013ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ಆದರೂ ಗುಂಡಿಗೆ ಇಳಿದು ಉಸಿರುಗಟ್ಟಿ ಸಾಯುವವರು ಇದ್ದಾರೆ, ಅವರ ಜಾತಿಯೂ ಬದಲಾಗಿಲ್ಲ. ಹಾಗಾಗಿ 'ಹಿಂದಿನವರ ಪದ್ಧತಿಗೆ ಹೋಗೋಣ' ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಳೆಯ ತಿಪ್ಪೆ ಮಣ್ಣಿಗೆ ಒಳ್ಳೆಯದಿತ್ತು, ಅದನ್ನು ತುಂಬಿದವರಿಗೆ ಇರಲಿಲ್ಲ. ಮಣ್ಣಿನ ದರೋಡೆ ನಿಲ್ಲಿಸುವ ಹೆಸರಲ್ಲಿ ಮನುಷ್ಯರ ದರೋಡೆ ಮುಂದುವರಿಯಬಾರದು. ಯಾರ ಕೈಯೂ ಮಲಕ್ಕೆ ತಾಗದ ಯಂತ್ರ, ಪೈಪು, ಘಟಕ ಬೇಕು. ಆ ಕೆಲಸ ಎಲ್ಲ ಜಾತಿಯವರೂ ಬಯಸುವಂಥ ಸಂಬಳದ ಕಾಯಂ ನೌಕರಿಯಾಗಬೇಕು.

ಇದು ಆಗದ ಮಾತಲ್ಲ. ದೇವನಹಳ್ಳಿಗೆ ಹೋಗಿ ನೋಡಿ. 2015ರಲ್ಲಿ ಅಲ್ಲಿ ಶೌಚಗುಂಡಿಯ ಹೂಳಿಗೆ ಊರಮಟ್ಟದ ಸಂಸ್ಕರಣಾ ಘಟಕ ಶುರುವಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಗುಂಡಿ ಖಾಲಿ ಮಾಡುವ ಟ್ಯಾಂಕರ್ ಅಲ್ಲಿಗೆ ಬರುತ್ತದೆ. ಹೂಳು ಒಣಗಿ, ಊರಿನ ಹಸಿ ಕಸದ ಜೊತೆ ಸೇರಿ, ರೋಗಾಣು ಸಾಯುವಷ್ಟು ಬಿಸಿಯಲ್ಲಿ ಕಾಂಪೋಸ್ಟ್ ಆಗಿ ಹೊಲಕ್ಕೆ ಹೋಗುತ್ತದೆ. ಘಟಕ ಸಣ್ಣದು, ಊರೂ ಸಣ್ಣದು. ಆದರೆ ದಾರಿ ತೆರೆದಿದೆ ಅಲ್ವಾ?

ಮಾರ್ಕ್ಸ್ ಹೆಸರು ಹೇಳಿದ ಕೂಡಲೇ ಕೆಲವರು ಅರಾಲ್ ಸಮುದ್ರ ನೆನಪಿಸುತ್ತಾರೆ. ನೆನಪಿಸಬೇಕಾದದ್ದೇ. ಹತ್ತಿ ಬೆಳೆಗಾಗಿ ಸೋವಿಯತ್ ಸರ್ಕಾರ 1960ರ ದಶಕದಿಂದ ಎರಡು ನದಿಗಳನ್ನು ತಿರುಗಿಸಿತು, ಆ ಸಮುದ್ರದ ಬಹುಪಾಲು ಒಣಗಿ ಉಪ್ಪಿನ ಬಯಲಾಯಿತು. ಕೆಂಪು ಬಾವುಟದ ಕೆಳಗೂ ಗುರಿ ಮುಟ್ಟುವ ಟನ್ನಿನ ಲೆಕ್ಕವೇ ದೊಡ್ಡದಾದರೆ ಮಣ್ಣು ನೀರು ಉಳಿಯುವುದಿಲ್ಲ. ಇನ್ನೊಂದು ಕಡೆ ಕ್ಯೂಬಾ ಇದೆ. ಸೋವಿಯತ್ ಒಕ್ಕೂಟ ಮುರಿದ ಮೇಲೆ ಅವರಿಗೆ ಗೊಬ್ಬರ, ಡೀಸೆಲ್ ಎರಡೂ ನಿಂತವು. ಹಸಿವಿನ ಆ ವರ್ಷಗಳಲ್ಲಿ ಹವಾನಾದ ಖಾಲಿ ಜಾಗಗಳಲ್ಲೆಲ್ಲ ಕಾಂಪೋಸ್ಟ್ ಹಾಕಿ ತರಕಾರಿ ಬೆಳೆದರು. ಬೇರೆ ದಾರಿಯಿಲ್ಲದೆ ಮಾಡಿದ ಕೆಲಸ ಅದು. ನಮಗೆ ಇನ್ನೂ ದಾರಿಗಳಿರುವಾಗಲೇ ಮಾಡಬಹುದು. ಮಾರ್ಕ್ಸ್ ಬಯಸಿದ್ದು, ದುಡಿಯುವವರೇ ಸೇರಿ ಪ್ರಕೃತಿಯೊಡನೆ ತಮ್ಮ ಕೊಡುಕೊಳ್ಳುವಿಕೆಯನ್ನು ವಿವೇಚನೆಯಿಂದ ನಡೆಸಬೇಕು ಎಂದು. ಇಡೀ ಸಮಾಜವಾಗಲಿ, ದೇಶವಾಗಲಿ ಈ ಭೂಮಿಯ ಒಡೆಯರಲ್ಲ, ಮುಂದಿನವರಿಗೆ ಇನ್ನೂ ಚೆನ್ನಾಗಿಸಿ ಬಿಟ್ಟುಹೋಗಬೇಕಾದ ಅನುಭೋಗದಾರರು ಮಾತ್ರ ಎಂದು ಬರೆದವರು ಅವರೇ.

ಈಗ ಒಬ್ಬೊಬ್ಬರಿಗೂ ಹೇಳಬೇಕಾದದ್ದು.

ಕೃಷಿ ಸಚಿವರೇ, ನಗರ ಕಾಂಪೋಸ್ಟನ್ನು ನಿಮ್ಮ ಇಲಾಖೆಯ ಗೊಬ್ಬರ ಎಂದು ಒಪ್ಪಿಕೊಳ್ಳಿ. ಮುಂಗಾರಿಗೆ ಎಷ್ಟು ಯೂರಿಯಾ ಬೇಕು ಅಂತ ಪ್ರತಿ ವರ್ಷ ತಾಲ್ಲೂಕುವಾರು ಲೆಕ್ಕ ಹಾಕುತ್ತೀರಿ. ಅದೇ ಪಟ್ಟಿಯಲ್ಲಿ ಕಾಂಪೋಸ್ಟಿಗೂ ಒಂದು ಸಾಲು ಬರಲಿ. ರೈತ ಸಂಪರ್ಕ ಕೇಂದ್ರದಲ್ಲಿ ಅದರ ಚೀಲ ಸಿಗಲಿ, ಚೀಲದ ಮೇಲೆ ಪರೀಕ್ಷೆಯ ವರದಿ ಕನ್ನಡದಲ್ಲಿ ಇರಲಿ. ಗಾಜು ಸಿಕ್ಕಿದರೆ ಯಾರನ್ನು ಕೇಳಬೇಕು ಅಂತಲೂ ಇರಲಿ. ಯೂರಿಯಾ ಸಬ್ಸಿಡಿಯನ್ನು ದಿಢೀರ್ ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಮೊದಲು ಮುಳುಗುವುದು ಸಣ್ಣ ರೈತ. ಹೊಲಕ್ಕೆ ಇಂಗಾಲ ಬಂದಷ್ಟೂ ಯೂರಿಯಾ ತಾನಾಗಿ ಕಡಿಮೆ ಸಾಕಾಗುತ್ತದೆ.

ನಗರಾಭಿವೃದ್ಧಿ ಸಚಿವರೇ, ಪ್ರಾಧಿಕಾರದವರೇ, 2016ರ ಘನತ್ಯಾಜ್ಯ ನಿಯಮದಲ್ಲೇ ಹಸಿ, ಒಣ, ಅಪಾಯಕಾರಿ ಕಸಕ್ಕೆ ಮೂರು ಬುಟ್ಟಿಯ ಮಾತಿತ್ತು. ಕಸ ಬೇರೆ ಮಾಡಿಸುವುದನ್ನು ಜಾರಿ ಮಾಡುವಾಗ ದೊಡ್ಡವರಿಂದ ಶುರು ಮಾಡಿ. ಹೋಟೆಲು, ಕಲ್ಯಾಣ ಮಂಟಪ, ಟೆಕ್ ಪಾರ್ಕು, ದೊಡ್ಡ ಅಪಾರ್ಟ್‌ಮೆಂಟು, ಮಾರುಕಟ್ಟೆ. ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯದ ತರಕಾರಿ ಕಸದಲ್ಲಿ ಗಾಜು, ಬ್ಲೇಡು ಇರುವುದಿಲ್ಲ. ಅದೊಂದನ್ನೇ ಬೇರೆ ಹಿಡಿದರೂ ಎಷ್ಟೋ ಹೊಲಕ್ಕೆ ಆಗುತ್ತದೆ. ಕ್ವಾರಿಗೆ ಲಾರಿ ಕಳಿಸಲು ಕೊಡುವ ದುಡ್ಡನ್ನು ಹೊಲಕ್ಕೆ ಗೊಬ್ಬರ ಕಳಿಸಲು ಕೊಡಿ. ನಮ್ಮ ಊರಿನಿಂದ ರಾತ್ರಿ ತರಕಾರಿ ಹೊತ್ತು ಹೋದ ಗಾಡಿಗಳು ಬೆಳಿಗ್ಗೆ ಖಾಲಿ ವಾಪಸ್ ಬರುತ್ತವೆ. ಚೀಲದಲ್ಲಿ ತುಂಬಿದ ಒಳ್ಳೆಯ ಕಾಂಪೋಸ್ಟ್ ಆದರೆ ಅವರು ಕಡಿಮೆ ಬಾಡಿಗೆಗೇ ತರುತ್ತಾರೆ, ನಾನೇ ಕೇಳಿ ನೋಡಿದ್ದೇನೆ. ಘಟಕ ಎಲ್ಲಿ ಕಟ್ಟಬೇಕು ಅನ್ನುವಾಗ ಆ ಊರಿನ ಗ್ರಾಮಸಭೆ ಒಪ್ಪಬೇಕು. ಮಂಡೂರಿನವರನ್ನು ಯಾರೂ ಕೇಳಿರಲಿಲ್ಲ.

ಬೆಂಗಳೂರಿನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮನ್ನು ನಾನು ಬೈಯುತ್ತಿಲ್ಲ. ಸಿಪ್ಪೆಯನ್ನು ಬೇರೆ ಬುಟ್ಟಿಗೆ ಹಾಕಿ, ಸಾಕು. ಹಾಕಿದ್ದು ಗಾಡಿಯಲ್ಲಿ ಮತ್ತೆ ಕಲೆತರೆ ಸುಮ್ನೆ ಇರಬೇಡಿ. ಕಸದ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆ ಕಟ್ಟುತ್ತಿದ್ದೀರಿ, ಅದು ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕಿದೆ. ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು ಸಂಬಳಕ್ಕಾಗಿ ಧರಣಿ ಕೂತಾಗ ಅವರ ಪಕ್ಕ ಒಂದು ಗಂಟೆ ಕೂರಿ. ನಮ್ಮ ಮಣ್ಣು ಅವರ ಕೈ ದಾಟಿಯೇ ವಾಪಸ್ ಬರಬೇಕು.

ಬರುವ ಮುಂಗಾರಿಗೆ ಮೊದಲು ಒಂದು ತಾಲ್ಲೂಕಿನಲ್ಲಾದರೂ ಶುರು ಮಾಡಿ. ಮಾಲೂರನ್ನೇ ಆರಿಸಿಕೊಂಡರೆ ಮೊದಲ ಲೋಡು ಇಳಿಸಿಕೊಳ್ಳಲು ನಮ್ಮ ಹೊಲ ಸಿದ್ಧವಿದೆ. ಜರಡಿ ಹಿಡಿದು, ಮಣ್ಣು ಪರೀಕ್ಷೆ ಮಾಡಿಸಿ, ಬಂದದ್ದನ್ನು ಬಂದ ಹಾಗೇ ನಿಮಗೆ ಬರೆದು ಕಳಿಸುತ್ತೇನೆ. ಅಕ್ಕಪಕ್ಕದ ಹೊಲದವರೂ ಒಪ್ಪಿದ್ದಾರೆ. ನಿಮ್ಮ ಉತ್ತರ ಇಲಾಖೆಯ ಕಡತದಲ್ಲಿ ಉಳಿಯದೆ ಎಲ್ಲರೂ ಓದುವ ಹಾಗೆ ಬಹಿರಂಗವಾಗಿಯೇ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ಮಾಲೂರು ತಾಲ್ಲೂಕಿನ ಒಬ್ಬ ತರಕಾರಿ ಬೆಳೆಗಾರ್ತಿ